ಎಲ್ಲಿಗೆ ಎಂದು ಕೇಳುವ ಪುಟ

೯ ಫೆಬ್ರವರಿ ೨೦೦೪, ಸೋಮವಾರ

ಇವತ್ತು ಅಂಗಡಿ ಬಾಗಿಲು ತೆಗೆದೆ. ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗಿನಿಂದ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ನೋಡಲಿ. ಗಂಡ ಸತ್ತು ತಿಂಗಳು ತುಂಬುವ ಮೊದಲೇ ಇಂಟರ್‌ನೆಟ್ ಸೆಂಟರಿನ ಶಟರ್ ಎತ್ತಿದಳು ಅಂತ ಆಡಿಕೊಳ್ಳಲಿ. ಬಿಳಿಕೆರೆಯ ಮನೆಯಲ್ಲಿ ಗೋಡೆ ನೋಡುತ್ತಾ ಕೂತಿದ್ದರೆ ನನಗೆ ಹುಚ್ಚೇ ಹಿಡಿಯುತ್ತಿತ್ತು.

ಧೂಳು ಒರೆಸಿ ಮೊದಲನೇ ಕಂಪ್ಯೂಟರ್ ಹಾಕಿದೆ. ಇವರು ಮಾಡಿಟ್ಟ ಪುಟ ಬಂತು. (ಡೈರಿಯಲ್ಲೂ ಗಂಡನ ಹೆಸರು ಬರೆಯಲು ಕೈ ಬರುವುದಿಲ್ಲ. ಬಿ.ಎಸ್ಸಿ ಮಾಡಿದ್ದೇನೆ ಅಂತ ಮೆರೆಯುವವಳು ನಾನು!) ಗಡಿಯಾರ ನೋಡಿಕೊಂಡು ಮಾತಾಡುವ ಪುಟ ಅದು. ಬೆಳಗ್ಗೆ ಕಾಫಿ ಆಯ್ತಾ ಅನ್ನುತ್ತದೆ, ಮಧ್ಯಾಹ್ನ ಊಟ ಆಯ್ತಾ ಅನ್ನುತ್ತದೆ. ಕಾಫಿ ಆಯ್ತಾ ಅಂತ ಕೇಳಿತು. ಆಗಿಲ್ಲ ಅಂತ ಗಟ್ಟಿಯಾಗಿ ಹೇಳಿಬಿಟ್ಟೆ. ಪುಣ್ಯಕ್ಕೆ ಅಂಗಡಿಯಲ್ಲಿ ಯಾರೂ ಇರಲಿಲ್ಲ.

ಮುಚ್ಚಲು ಹೋದಾಗ ಆ ಚೌಕಟ್ಟು ಬಂತು. ಅದು ಬರುತ್ತದೆ ಅಂತ ನನಗೆ ಗೊತ್ತಿತ್ತು. ಆದರೂ ಮೌಸಿನಿಂದ ಕೈ ತೆಗೆದುಬಿಟ್ಟೆ. ಮೇಲೊಂದು ಕೆಳಗೊಂದು ಇಂಗ್ಲಿಷಿನ ಸಾಲು, ಬ್ರೌಸರಿನವು. ನಡುವೆ ಇವರದು, ಕನ್ನಡದ ಮಾತು, ಇಂಗ್ಲಿಷ್ ಅಕ್ಷರದಲ್ಲಿ: ಎಲ್ಲಿಗೆ? ಅದರ ಕೆಳಗೆ ಓಕೆ, ಕ್ಯಾನ್ಸಲ್ ಎಂಬ ಎರಡು ಗುಂಡಿ.

ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು ಅನ್ನುವುದು ನಮ್ಮ ಕಡೆಯ ನಂಬಿಕೆ. ಕೇಳಿದರೆ ಹೋದ ಕೆಲಸ ಕೆಡುತ್ತದಂತೆ. ಕೇಳಿಸಿಕೊಂಡವರು ವಾಪಸ್ ಒಳಗೆ ಬಂದು, ಕೂತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡಬೇಕು. ಇವರಿಗೆ ಅದೆಲ್ಲ ತಮಾಷೆ. ಗಿರಾಕಿಗಳನ್ನು ಗೋಳು ಹುಯ್ದುಕೊಳ್ಳಲಿಕ್ಕೆಂದೇ ಜಾವಾಸ್ಕ್ರಿಪ್ಟ್ ಅನ್ನುವ ಕಂಪ್ಯೂಟರ್ ಭಾಷೆ ಕಲಿತು ಬರೆದದ್ದು ಇದನ್ನು.

ಅವತ್ತು ಬೆಳಗ್ಗೆ ನಾನೂ ತಮಾಷೆಗೇ ಕೇಳಿದ್ದೆ. "ಸಾಹೇಬ್ರು ಎಲ್ಲಿಗೋ?" ಯುಪಿಎಸ್ ರಿಪೇರಿಗೆ ಮೈಸೂರಿಗೆ ಅಂತ ನನಗೆ ಗೊತ್ತೇ ಇತ್ತು. ಇವರು ಗಾಳಿಯಲ್ಲಿ ಬೆರಳು ಒತ್ತಿ, "ಓಕೆ" ಅಂದು ನಕ್ಕು ಬೈಕ್ ಹತ್ತಿದರು. ಊರು ದಾಟಿ ಸ್ವಲ್ಪ ದೂರ ಹೋಗಿದ್ದರು. ಮೈಸೂರು ಕಡೆಯಿಂದ ಬರುತ್ತಿದ್ದ ಲಾರಿ.

೧೧ ಫೆಬ್ರವರಿ

ಕಟ್ಟಡದ ಮಾಲೀಕ ಕಂಠಪ್ಪನವರು ಬಂದು ನಿಂತುಕೊಂಡೇ ಮಾತಾಡಿದರು.

"ಆ ಪ್ರಶ್ನೆ ತೆಗ್ದಾಕ್ಬುಡಮ್ಮ. ಊರೋರ್ನೆಲ್ಲ ಕೇಳ್ಕಂಡ್ ಕುಂತಿದ್ರೆ ಏನಾಯ್ತದೆ ಅಂತ ನೋಡುದ್ಯಲ್ಲ."

"ಅದು ನಾಲ್ಕು ಸಾಲಿನ ಪ್ರೋಗ್ರಾಂ ಕಣ್ರೀ. ಅದು ಲಾರಿ ಓಡಿಸಲ್ಲ," ಅಂದೆ.

ಅವರ ಮುಖ ಸಣ್ಣಗಾಯಿತು. ಆಗಲಿ. ಇವರ ಅಂಗಿ ಕೊಟ್ಟಾಯಿತು, ಬೈಕ್ ಗುಜರಿಗೆ ಹೋಯಿತು, ಹಾಸಿಗೆ ಬದಲಾಯಿಸಿದರು. ಇವರ ದನಿ ಉಳಿದಿರುವುದು ಅದೊಂದು ಮಾತಿನಲ್ಲಿ. ಅದನ್ನೂ ಅಳಿಸಬೇಕಂತೆ. ನಾನಿರುವವರೆಗೆ ಅಳಿಸುವುದಿಲ್ಲ.

೨೦ ಫೆಬ್ರವರಿ, ಶುಕ್ರವಾರ

ಪುಟ್ಟಮಲ್ಲಪ್ಪನವರು ಬಂದಿದ್ದರು. ಮಂಗಳೂರಿನಲ್ಲಿ ನರ್ಸಿಂಗ್ ಓದುವ ಮಗಳ ಇ-ಮೇಲ್ ಓದಿಸಿಕೊಳ್ಳಲು ಶುಕ್ರವಾರ ತಪ್ಪದೆ ಬರುವವರು. ಇವರ ಸಾವಿನ ಮಾತೆತ್ತಲು ಬಾಯಿ ತೆರೆದರು, ಮುಚ್ಚಿದರು, ಮಗಳ ಸುದ್ದಿ ಕೇಳಿದರು. ಹಾಸ್ಟೆಲಿನ ಮೀನು ಸಾರು ಅವಳಿಗೆ ಸೇರುವುದಿಲ್ಲವಂತೆ.

ಓದಿದ್ದಾದ ಮೇಲೆ ಪುಟ ಅವರೇ ಮುಚ್ಚಬೇಕು, ಅದು ಅವರ ಖುಷಿ. ಮೌಸನ್ನು ಇಲಿಮರಿಯಂತೆ ಮೆಲ್ಲಗೆ ಹಿಡಿದು ಒತ್ತಿದರು. ಎಲ್ಲಿಗೆ ಅಂತ ಕೇಳಿತು. ಪುಟ್ಟಮಲ್ಲಪ್ಪನವರು ಕ್ಯಾನ್ಸಲ್ ಒತ್ತಿ, ಎದ್ದು ಬಾಗಿಲ ಬಳಿಯ ಮಡಕೆಯಿಂದ ನೀರು ಬಗ್ಗಿಸಿಕೊಂಡು ಕುಡಿದು, ಬಂದು ಮತ್ತೆ ಕೂತರು. ಇನ್ನೊಮ್ಮೆ ಮುಚ್ಚಿದರು. ಈ ಸಲ ಕೇಳಲಿಲ್ಲ. "ಬತ್ತೀನಿ ಕಣವ್ವ," ಅಂದು ಹೋದರು.

ಇವರಿದ್ದಾಗ ಇದನ್ನು ನೋಡಿ ಒಳಗೆ ಹೋಗಿ ಬಾಯಿಗೆ ಟವೆಲು ತುರುಕಿಕೊಂಡು ನಗುತ್ತಿದ್ದರು. ಆ ಮಡಕೆ ಇಟ್ಟದ್ದೂ ಇವರೇ. ಇವತ್ತು ನನಗೆ ನಗು ಬರಲಿಲ್ಲ. ಮಡಕೆಯಲ್ಲಿ ನೀರಿತ್ತಲ್ಲ ಅಂತ ಸಮಾಧಾನವಾಯಿತು.

ಸಂಜೆ ಮನೆಗೆ ಹೋದರೆ ಅತ್ತೆ ಎಂದಿನಂತೆ ತಟ್ಟೆ ಇಟ್ಟು, ಮುದ್ದೆ ಬಡಿಸಿ, ಅಡುಗೆಮನೆಗೆ ಹೋಗಿ ಕೂತರು. ತಿಥಿಯ ದಿನ ಎಲ್ಲರೆದುರಿಗೆ ಒಂದೇ ಮಾತು ಅಂದದ್ದು: "ಒಂಟೋನ್ನ ಎಲ್ಗೆ ಅಂತ ಕೇಳ್ಬುಟ್ಯಲ್ಲವ್ವ." ಅಲ್ಲಿಂದೀಚೆಗೆ ಮಾತಿಲ್ಲ. ಬೆಳಗ್ಗೆ ನಾನು ಹೊರಟಾಗ ಬೆನ್ನು ತಿರುಗಿಸಿ ನಿಂತಿರುತ್ತಾರೆ. ಯಾರನ್ನೂ ಏನೂ ಕೇಳುವುದಿಲ್ಲ. ಒಂದು ಮನೆ, ಇಬ್ಬರು ಹೆಂಗಸರು, ಮಾತು ಒಂದೂ ಇಲ್ಲ. ಬೈದಾದರೂ ಬೈಯಬಾರದೇ ಈಕೆ?

೨ ಮಾರ್ಚ್

ಗಿರಾಕಿ ಇರಲಿಲ್ಲ. ಪುಟದ ಒಳಗನ್ನು ನೋಡೋಣ ಅನ್ನಿಸಿತು. ಮೌಸಿನ ಬಲಗುಂಡಿ ಒತ್ತಿದರೆ "ಕೈ ತೆಗಿ ಕಳ್ಳ" ಅಂತ ಬಂತು. ಇದನ್ನೂ ಬರೆದಿಟ್ಟಿದ್ದಾರೆ ಮಹಾರಾಯರು. ಮೇಲಿನ ಮೆನುವಿನಿಂದ ಹೋದೆ. ಅಲ್ಲಿ ಬೀಗ ಹಾಕಲು ಮರೆತಿದ್ದರೋ, ಅಲ್ಲಿ ಬೀಗ ಹಾಕಲು ಬರುವುದೇ ಇಲ್ಲವೋ ಗೊತ್ತಿಲ್ಲ.

ನಾಲ್ಕೇ ಸಾಲು. ಪುಟ ಬಿಟ್ಟು ಯಾರಾದರೂ ಹೊರಟರೆ ಮೊದಲು ಒಂದು ಡಬ್ಬಿ ನೋಡು. ಅದರಲ್ಲಿ ಸೊನ್ನೆ ಇದ್ದರೆ ಇನ್ನೂ ಕೇಳಿಲ್ಲ ಅಂತ, ಆಗ ಸೊನ್ನೆ ತೆಗೆದು ಒಂದು ಹಾಕಿ, ಎಲ್ಲಿಗೆ ಅಂತ ಕೇಳು. ಒಂದು ಇದ್ದರೆ ಕೇಳಿದ್ದಾಯಿತು, ಸುಮ್ಮನೆ ಕಳಿಸು. ಅದಕ್ಕೇ ಎರಡನೇ ಸಲ ಕೇಳುವುದಿಲ್ಲ.

ಜಾವಾಸ್ಕ್ರಿಪ್ಟಿನಲ್ಲಿ ಇಂಥ ಡಬ್ಬಿಗೆ ಬರೆಯುವವರು ತಮಗೆ ಬೇಕಾದ ಹೆಸರು ಇಡಬಹುದು. ಇವರು ಇಟ್ಟ ಹೆಸರು ಪಮ್ಮಿ.

ಕೋಣೆಯ ಬಾಗಿಲು ಹಾಕಿದ ಮೇಲೆ ಮಾತ್ರ ನನ್ನನ್ನು ಕರೆಯುತ್ತಿದ್ದ ಹೆಸರು ಅದು.

೩ ಮಾರ್ಚ್

ಅಂಗಡಿಗೆ ಹೋಗಲಿಲ್ಲ. ಜ್ವರ ಅಂತ ಹೇಳಿದೆ. ಯಾರೂ ಕೇಳಿರಲಿಲ್ಲ.

೧೯ ಮಾರ್ಚ್, ಶುಕ್ರವಾರ

ಎರಡು ವಾರದಿಂದ ಇವರ ಜಾವಾಸ್ಕ್ರಿಪ್ಟ್ ಪುಸ್ತಕ ಓದುತ್ತಿದ್ದೇನೆ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಊಟ ಮಾಡುವಾಗ. ಬ್ರೌಸರಿಗೆ ಕಿಟಕಿ ತೆಗೆ ಅಂದರೆ ತೆಗೆಯುತ್ತದೆ, ಅಷ್ಟಗಲ ಇಷ್ಟೆತ್ತರ ಅಂದರೆ ಹಾಗೇ ಮಾಡುತ್ತದೆ, ಐದು ಸೆಕೆಂಡು ಬಿಟ್ಟು ಮಾತಾಡು ಅಂದರೆ ಕಾಯುತ್ತದೆ. ಹೇಳಿದ ಮಾತು ಕೇಳುವುದು ಈ ಲೋಕದಲ್ಲಿ ಅದೊಂದೇ.

ಇವರ ಪುಟವನ್ನು ಜನ ಮುಚ್ಚುವುದು ನನಗೆ ಸಹಿಸಲಾಗುತ್ತಿರಲಿಲ್ಲ. ಅದಕ್ಕೆ ಒಂದು ಸಾಲು ಸೇರಿಸಿದೆ: ಮುಚ್ಚಿದ ಕೂಡಲೇ ಅದೇ ಪುಟ ಹೊಸ ಕಿಟಕಿಯಲ್ಲಿ ಮತ್ತೆ ತೆರೆಯಬೇಕು. ಬರೆದು ಬಹಳ ಹೆಮ್ಮೆಪಟ್ಟೆ.

ಹೈಸ್ಕೂಲ್ ಮೇಷ್ಟ್ರು ನೀಲಕಂಠಸ್ವಾಮಿ ಬಂದರು. ಕೆಲಸ ಮುಗಿಸಿ ಪುಟ ಮುಚ್ಚಿದರು. ಎಲ್ಲಿಗೆ ಅಂದಿತು. ಓಕೆ ಅಂದರು. ಮತ್ತೆ ಅದೇ ಪುಟ ಬಂತು. ಮುಚ್ಚಿದರು. ಎಲ್ಲಿಗೆ ಅಂದಿತು. ಪುಟ ಹೊಸದಾಗಿ ಬಂದರೆ ಡಬ್ಬಿಯಲ್ಲಿ ಮತ್ತೆ ಸೊನ್ನೆ ಅನ್ನುವುದು ನನಗೆ ಹೊಳೆದಿರಲಿಲ್ಲ. ಕಾಫಿ ಆಯ್ತಾ, ಎಲ್ಲಿಗೆ, ಕಾಫಿ ಆಯ್ತಾ, ಎಲ್ಲಿಗೆ. ಮೇಷ್ಟ್ರು ಬೆವೆತುಹೋದರು. ಪಾಪ, ಎರಡು ಸಲ ಎದ್ದು ನೀರೂ ಕುಡಿದು ಬಂದರು.

"ನನ್ನ ಬಿಡೋದಿಲ್ವೇನಮ್ಮ ಇದು? ಬಸ್ಸು ಹೊರಟೋಯ್ತದೆ!" ಅಂತ ಕೂಗಿಕೊಂಡರು.

ನಾನು ಓಡಿಹೋಗಿ ಪ್ಲಗ್ಗು ಕಿತ್ತೆ. ಪರದೆ ಕಪ್ಪಾಯಿತು. ಮೇಷ್ಟ್ರು ನನ್ನ ಮುಖ ನೋಡಿದರು. ಬೈಯಲು ತೆಗೆದ ಬಾಯಿ ಹಾಗೇ ನಿಂತಿತು. ನಾನು ಅಳುತ್ತಿದ್ದೆನಂತೆ. ನನಗೆ ಗೊತ್ತಾಗಿರಲಿಲ್ಲ.

"ಇರಲಿ ಬುಡಮ್ಮ. ಇನ್ನೊಂದು ಬಸ್ಸೈತೆ," ಅಂದರು.

ಆ ಸಾಲು ತೆಗೆದುಹಾಕಿದೆ. ನಾನು ಬರೆದದ್ದನ್ನು ಮಾತ್ರ.

೨೧ ಮಾರ್ಚ್, ಯುಗಾದಿ

ಬೇವೂ ಇಲ್ಲ, ಬೆಲ್ಲವೂ ಇಲ್ಲ. ಪಕ್ಕದ ಮನೆಯವರು ಒಬ್ಬಟ್ಟು ತಂದುಕೊಟ್ಟರು. ಅತ್ತೆ ಅದನ್ನು ನನ್ನ ತಟ್ಟೆಗೆ ಹಾಕಿದರು. ನಾನು ಅರ್ಧ ಮುರಿದು ಅವರ ತಟ್ಟೆಗೆ ಇಟ್ಟೆ. ಇಬ್ಬರೂ ತಿನ್ನಲಿಲ್ಲ.

೬ ಏಪ್ರಿಲ್

ಮೈಸೂರಿನಿಂದ ಸರ್ವಿಸ್ ಹುಡುಗ ಕಿರಣ್‌ಕುಮಾರ್ ಬಂದಿದ್ದ. ಪ್ಲಗ್ಗು ಕಿತ್ತ ದಿನದಿಂದ ಆ ಕಂಪ್ಯೂಟರ್ ಮುನಿಸಿಕೊಂಡು ಕೂತಿದೆ. ರಿಪೇರಿ ಮಾಡುತ್ತಿದ್ದಾಗ ಅವನನ್ನು ಕೇಳಿದೆ: ಯಾರಾದರೂ ಪುಟ ಬಿಟ್ಟು ಹೋಗುವುದನ್ನು ಪೂರ್ತಿ ತಡೆಯುವ ಹಾಗೆ ಬರೆಯಲು ಆಗುತ್ತದೆಯೇ? ಕಾಟ ಕೊಡುವುದಲ್ಲ, ನಿಜವಾಗಿ ತಡೆಯುವುದು.

"ಆಗಲ್ಲ ಮೇಡಂ. ಕೇಳ್ಬೋದು ಅಷ್ಟೇ. ಓಕೆ ಒತ್ತುದ್ರೆ ಬಿಡ್ಲೇಬೇಕು. ಬ್ರೌಸರ್ ಮಾಡ್ದೋರು ಅಂಗೇ ಮಾಡವ್ರೆ. ಓಗೋರ್ನ ಕಟ್ಟಾಕಂಗಿದ್ರೆ ಯಾರ್ ಇಂಟರ್‌ನೆಟ್‌ಗೆ ಬತ್ತಿದ್ರು ಹೇಳಿ?"

"ಕೇಳುವುದಕ್ಕೆ ಯಾಕೆ ಬಿಟ್ಟಿದ್ದಾರೆ ಹಾಗಾದರೆ?"

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು ಯೋಚಿಸಿದ. "ಏನಾರ ಬರೀತಾ ಇರ್ತಾರೆ, ಉಳ್ಸದು ಮರ್ತಿರ್ತಾರೆ. ಒಂದ್ ಗಳಿಗೆ ನಿಂತ್ಕಳ್ಳಿ ಅಂತ."

ಒಂದು ಗಳಿಗೆ ನಿಂತುಕೊಳ್ಳಲಿ ಅಂತ. ಅಷ್ಟೇ.

ಅವನು ಹೋದ ಮೇಲೆ ಇವರ ಸಾಲಿನ ಮುಂದೆ ಎರಡು ಓರೆಗೆರೆ ಹಾಕಿದೆ. ಹಾಗೆ ಮಾಡಿದರೆ ಸಾಲು ಇದ್ದಲ್ಲೇ ಇರುತ್ತದೆ, ಕೆಲಸ ಮಾಡುವುದಿಲ್ಲ. ಪುಟ ಮುಚ್ಚಿದೆ. ಏನೂ ಕೇಳದೆ ಮುಚ್ಚಿಕೊಂಡಿತು, ನಮ್ಮ ಮನೆಯ ಹಾಗೆ. ತಕ್ಷಣ ಗೆರೆ ಅಳಿಸಿದೆ.

೧೮ ಏಪ್ರಿಲ್, ಭಾನುವಾರ

ಹಾರನಹಳ್ಳಿಯಿಂದ ಅಪ್ಪ ಬಂದಿದ್ದರು. ಜಗಲಿಯ ಮೇಲೆ ಟವೆಲು ಹಾಸಿಕೊಂಡು ಕೂತು, ಅತ್ತೆಗೆ ಕೇಳಿಸುವ ಹಾಗೆ ಹೇಳಿದರು.

"ಮಗೀನ ಕರ್ಕಂಡೋಯ್ತೀನಿ ಬೀರಮ್ಮಾರೆ. ವಯ್ಸಿನ ಉಡ್ಗಿ. ಇಲ್ ಯಾರ್ ಮೊಕ ನೋಡ್ಕಂಡಿದ್ದಾಳು?"

ಅತ್ತೆ ಒಳಗಿನಿಂದ, "ಅವ್ಳಿಷ್ಟ ದೊಡ್ಡಬೀರಯ್ನೋರೆ," ಅಂದರು. ಎರಡು ತಿಂಗಳ ಮೇಲೆ ನಾನು ಕೇಳಿದ ಪೂರ್ತಿ ಮಾತು ಅದು. ಇರು ಅನ್ನಲಿಲ್ಲ. ಹೋಗು ಅಂತಲೂ ಅನ್ನಲಿಲ್ಲ.

ಸರಿ, ಹೋಗುತ್ತೇನೆ. ಮೇ ಕೊನೆಯ ಹೊತ್ತಿಗೆ ಅಂಗಡಿ ಬಿಟ್ಟುಕೊಡುವುದು, ನನ್ನ ಅಣ್ಣ ಶಿವಣ್ಣ ಜೀಪು ತಂದು ಕರೆದೊಯ್ಯುವುದು ಅಂತಾಯಿತು. ಅಪ್ಪ ಹೊರಟಾಗ ನಾನು ಬಾಗಿಲಲ್ಲಿ ನಿಂತೆ. ಬಸ್ಸಿಗೋ, ಪಿರಿಯಾಪಟ್ಟಣದಲ್ಲಿ ಇಳಿಯುತ್ತೀರೋ ಅಂತ ಕೇಳಬೇಕೆನ್ನಿಸಿತು. ಕೇಳಲಿಲ್ಲ. ಅಪ್ಪನಿಗೆ ವಯಸ್ಸಾಯಿತು, ಸುಮ್ಮನೆ ಯಾಕೆ.

೧೧ ಮೇ, ಮಂಗಳವಾರ

ಕಣ್ಣಿಗೆ ಪೊರೆ ಬಂದಿದೆಯೇ ನೋಡಿಸಬೇಕೆಂದು ಅತ್ತೆ ಹುಣಸೂರಿನ ಆಸ್ಪತ್ರೆಗೆ ಬಂದಿದ್ದರು. ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತರೂ ಮಾತಿಲ್ಲ. ಆಸ್ಪತ್ರೆ ಮುಗಿಸಿ ಅಂಗಡಿಗೆ ಬಂದರು. ಮಗ ಬದುಕಿದ್ದಾಗ ಒಮ್ಮೆಯೂ ಬಂದವರಲ್ಲ. ಬಾಗಿಲ ಬಳಿ, ಮಡಕೆಯ ಪಕ್ಕದ ಸ್ಟೂಲಿನ ಮೇಲೆ ಕೂತರು.

ಪುಟ್ಟಮಲ್ಲಪ್ಪನವರು ಮಗಳಿಗೆ ಪರೀಕ್ಷೆ ಅಂತ ಶುಕ್ರವಾರದವರೆಗೆ ಕಾಯದೆ ಬಂದಿದ್ದರು. ಮುಗಿಸಿ ಮುಚ್ಚಿದರು, ಕ್ಯಾನ್ಸಲ್ ಒತ್ತಿದರು, ಎದ್ದು ಬಂದು ಅತ್ತೆಯ ಪಕ್ಕದಲ್ಲೇ ಬಗ್ಗಿ ನೀರು ಕುಡಿದರು, ಹೋಗಿ ಕೂತರು.

"ಏನದು?" ಅತ್ತೆ ಕೇಳಿದರು. ನನ್ನನ್ನೇ ಕೇಳಿದರು.

ಹೇಳಿದೆ. ಪೆಟ್ಟಿಗೆ ಎಲ್ಲಿಗೆ ಅಂತ ಕೇಳುತ್ತದೆ, ನಿಮ್ಮ ಮಗ ಬರೆದದ್ದು, ಜನ ಶಾಸ್ತ್ರಕ್ಕೆ ನೀರು ಕುಡಿದು ಕೂತು ಹೋಗುತ್ತಾರೆ.

"ಎಲ್ರೂವೆ?"

"ಬಹಳ ಜನ."

ಅತ್ತೆ ಪರದೆಯ ಕಡೆ ನೋಡಿದರು. ಅವರಿಗೆ ಓದಲು ಬರುವುದಿಲ್ಲ, ಆ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಪುಟ್ಟಮಲ್ಲಪ್ಪನವರು ಹೋದರು. ಆಮೇಲೆ ಅತ್ತೆ ಹೇಳಿದರು.

"ಊರೋರ್ನೆಲ್ಲ ಕೂರಿಸ್ದ. ತಾನ್ ಮಾತ್ರ ಕುಂತ್ಕಳ್ಳಿಲ್ಲ ನನ್ ಮಗ."

ನಾನು ಮಡಕೆಯ ಮುಚ್ಚಳ ಸರಿಮಾಡಿದೆ.

"ನೀನ್ ಕೇಳಿದ್ದು ನಂಗೆ ಕೇಳುಸ್ತು ಕಣವ್ವ. ಒಳ್ಗೇ ಇದ್ದೆ. ನೀರಿನ್ ಚೊಂಬು ಕೈಯಲ್ಲೇ ಇತ್ತು. ಲಿಂಗ್ರಾಜು, ಬಾಪ್ಪ, ಕುಂತು ಓಗು ಅಂತ ಕೂಗ್ಬೇಕಾಗಿತ್ತು. ಮುಂಚಿನ್ ದಿನ ಕಣ್ಣಾಸ್ಪತ್ರೆಗೆ ಕರ್ಕಂಡೋಗ್ತೀನಿ ಅಂದೋನು ಮರ್ತಿದ್ದ ಅಂತ ಸಿಟ್ಟು ನಂಗೆ. ಓಗ್ಲಿ ಅಂದ್ಕಂಡೆ. ಓಗ್ಲಿ ಅಂತ್ಲೇ ಅಂದ್ಕಂಡ್ನಲ್ಲವ್ವ ನಾನು!"

ಎದೆ ಬಡಿದುಕೊಂಡು ಅತ್ತರು. ಸತ್ತ ದಿನವೂ ಹಾಗೆ ಅತ್ತಿರಲಿಲ್ಲ. ನನ್ನ ಮುಖ ನೋಡದೆ ಇದ್ದದ್ದು ನನ್ನ ಮೇಲಿನ ಸಿಟ್ಟಿಗಲ್ಲ. ಇಷ್ಟು ದಿನ ನಾನು ಅದನ್ನು ಸಿಟ್ಟು ಅಂದುಕೊಂಡು ಒಳಗೊಳಗೇ ಅವರ ಜೊತೆ ಜಗಳವಾಡಿಕೊಂಡಿದ್ದೆ. ಶಟರ್ ಅರ್ಧ ಎಳೆದು ಅವರ ಪಕ್ಕ ನೆಲದ ಮೇಲೆ ಕೂತೆ. ಅವರ ಕೈ ಹಿಡಿದುಕೊಂಡೆ. ಅದೂ ಇವರ ಕೈಯ ಹಾಗೇ ಇದೆ, ಹೆಬ್ಬೆರಳು ಮೊಂಡು.

೧೫ ಮೇ

ಆ ಮಾತು ಆಡಿದ ಮೇಲೆ ಅತ್ತೆ ಇನ್ನೂ ಮೌನವಾಗಿದ್ದಾರೆ. ನಾಚಿಕೆಯೋ ಏನೋ. ಊರಿಗೆ ಹೋಗುವ ಮಾತು ಅವರೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಇರು ಅಂತ ಒಂದು ಮಾತು ಅಂದಿದ್ದರೆ ಅಪ್ಪನಿಗೆ ಫೋನ್ ಮಾಡಿ ಬೇಡ ಅನ್ನುತ್ತಿದ್ದೆ. ನಾನಾಗಿಯೇ ಇರುತ್ತೇನೆ ಅನ್ನಲು ಬಾಯಿ ಬರುತ್ತಿಲ್ಲ. ಮಗ ಇಲ್ಲದ ಮನೆಯಲ್ಲಿ ಸೊಸೆ ಯಾವ ಲೆಕ್ಕ?

ಇವತ್ತು ಬೆಳಗ್ಗೆ ಹೊರಡುವ ಮುಂಚೆ ಕೂತು ಒಂದು ಲೋಟ ನೀರು ಕುಡಿದೆ. ಬಿಸಿಲು ಜಾಸ್ತಿಯಾಗಿದೆ.

೨೨ ಮೇ, ಶನಿವಾರ

ಅಂಗಡಿಯ ಕೊನೆಯ ದಿನ. ಕಂಪ್ಯೂಟರುಗಳನ್ನು ಸೋಮವಾರ ಕಿರಣ್‌ಕುಮಾರ್ ತೆಗೆದುಕೊಂಡು ಹೋಗುತ್ತಾನೆ. ಎಲ್ಲ ಅಳಿಸಿ ಹೊಸದಾಗಿ ಹಾಕುತ್ತಾನಂತೆ. ಅವನನ್ನು ಯಾಕೆ ದೂರಲಿ, ನಾನೇ ಅಳಿಸಿಬಿಡೋಣ ಅಂತ ಕೂತೆ. ಆ ನಾಲ್ಕು ಸಾಲನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅಳಿಸಲಿಲ್ಲ.

ಪುಟ ಮುಚ್ಚಿದೆ. ಎಲ್ಲಿಗೆ ಅಂದಿತು.

ಹಾರನಹಳ್ಳಿಗೆ ಕಣ್ರೀ, ಅಂದೆ. ಓಕೆ ಒತ್ತಿದೆ.

ಮಡಕೆಯ ನೀರು ಬಾಗಿಲ ಮುಂದಿನ ಗಿಡಕ್ಕೆ ಹುಯ್ದು ಬಂದೆ.

೨೩ ಮೇ, ಭಾನುವಾರ

ಶಿವಣ್ಣಣ್ಣ ಬೆಳಗ್ಗೆಯೇ ಜೀಪು ತಂದ. ನನ್ನ ಟ್ರಂಕು, ಎರಡು ಚೀಲ, ಆ ಪುಸ್ತಕ, ಎಲ್ಲ ಹತ್ತಿಸಿದ. ಅತ್ತೆ ಒಲೆಯ ಮುಂದೆ ಕೂತಿದ್ದರು. ಕಾಲಿಗೆ ಬಿದ್ದೆ. ತಲೆಯ ಮೇಲೆ ಕೈ ಇಟ್ಟರು, ಏನೂ ಅನ್ನಲಿಲ್ಲ. ಬರ್ತೀನಿ ಅತ್ತೆ, ಅಂದೆ. ಅದಕ್ಕೂ ಏನೂ ಇಲ್ಲ. ಇದಕ್ಕಿಂತ ಬೈಸಿಕೊಂಡು ಹೋಗುವುದು ಮೇಲು ಅನ್ನಿಸಿತು.

ಹೊಸಿಲು ದಾಟಿ ಒಂದು ಕಾಲು ಚಪ್ಪಲಿಗೆ ಹಾಕಿದ್ದೆ.

"ಎಲ್ಗವ್ವಾ?"

ಹಿಂದಿನಿಂದ ಬಂದ ದನಿ. ನಾನು ನಿಂತಲ್ಲೇ ನಿಂತೆ. ಅಣ್ಣನಿಗೆ ಗಾಬರಿ, ಸಿಟ್ಟು ಎರಡೂ ಬಂತು.

"ಅಯ್ಯೋ, ಏನ್ ಬೀರಮ್ಮತ್ತೆ, ಒಂಟೋರ್ನ ಇಂಗಾ ಕೇಳದು? ನಿಮ್ಗೆ ಗೊತ್ತಿಲ್ದೆ ಇರದಾ?"

ಅತ್ತೆ ಹೊಸಿಲ ಒಳಗೆ ಬಂದು ನಿಂತಿದ್ದರು. ಕೈಯಲ್ಲಿ ಚೊಂಬು. ಕಂಠದವರೆಗೆ ತುಂಬಿದ ನೀರು ಸೆರಗಿನ ಮೇಲೆ ಚೆಲ್ಲುತ್ತಿತ್ತು.

"ಗೊತ್ತಿದ್ದೇ ಕೇಳ್ದೆ ಕಣಪ್ಪ. ಕೇಳ್ಬುಟ್ಟೆ. ಇನ್ ಅವ್ಳು ಅಂಗೇ ಓಗಂಗಿಲ್ಲ. ಒಳೀಕ್ ಬಂದು ಕುಂತ್ಕಳ್ಳಿ. ನೀರ್ ಕುಡೀಲಿ."

ಚಪ್ಪಲಿ ಬಿಟ್ಟು ಒಳಗೆ ಬಂದೆ. ಗೋಡೆಗೆ ಒರಗಿ, ಇವರು ಊಟಕ್ಕೆ ಕೂರುತ್ತಿದ್ದ ಜಾಗದಲ್ಲೇ ಕೂತೆ. ಅತ್ತೆ ಚೊಂಬು ಕೊಟ್ಟು ಎದುರಿಗೆ ಕುಕ್ಕರಿಸಿದರು. ತಿಥಿಯ ದಿನದಿಂದ ಈಚೆಗೆ ಮನೆಯೊಳಗೆ ನನ್ನ ಮುಖವನ್ನು ನೇರವಾಗಿ ನೋಡಿದ್ದು ಇವತ್ತೇ.

"ನಿದಾನುಕ್ ಕುಡಿ ಮಗ."

ಒಂದು ಗುಟುಕು ಕುಡಿದೆ. ಅಷ್ಟರಲ್ಲಿ ಮನೆ ಮುಂದಿನ ರಸ್ತೆಯಲ್ಲಿ ಮೈಸೂರು ಕಡೆಯಿಂದ ಒಂದು ಲಾರಿ ಬಂತು. ಸ್ಟ್ಯಾಂಡಿನ ಪಾತ್ರೆಗಳೆಲ್ಲ ಗಡಗಡ ಅಂದವು. ನಾವಿಬ್ಬರೂ ಅದು ಮನೆ ದಾಟಿ, ಊರು ದಾಟಿ, ಹುಣಸೂರಿನ ಕಡೆ ಹೋಗುವವರೆಗೆ ಉಸಿರು ಹಿಡಿದು ಕೇಳಿಸಿಕೊಂಡೆವು. ಅವತ್ತು ಇವರು ಇಲ್ಲಿ ಇಷ್ಟು ಹೊತ್ತು ಕೂತಿದ್ದರೆ ಆ ಲಾರಿಯೂ ಹೀಗೇ ನಮ್ಮ ಪಾತ್ರೆಗಳನ್ನು ಅಲುಗಿಸಿ ಹೊರಟುಹೋಗುತ್ತಿತ್ತು. ಒಂದು ಚೊಂಬು ನೀರಿನ ಹೊತ್ತು. ಅಷ್ಟೇ ಸಾಕಿತ್ತು.

ಅತ್ತೆಯೂ ಅದನ್ನೇ ಯೋಚಿಸುತ್ತಿದ್ದರು. ಅವರ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅವರು ಇನ್ನೊಂದು ಸಲ ಕೇಳುವುದಿಲ್ಲ ಅಂತ ನನಗೆ ಗೊತ್ತಿತ್ತು. ಕೇಳುವುದು ಒಂದೇ ಸಲ. ಆಮೇಲೆ ಎದ್ದರೆ ಸುಮ್ಮನೆ ಕಳಿಸಿಬಿಡಬೇಕು.

ಹೊರಗೆ ಅಣ್ಣ ಜೀಪು ಚಾಲೂ ಮಾಡಿದ. ಸ್ವಲ್ಪ ಹೊತ್ತು ಕಾದು ಆರಿಸಿದ. ಬಾಗಿಲಿಗೆ ಬಂದು ಇಣುಕಿದ.

"ಏನ್ ಪ್ರಮೀಳಾ, ಆಯ್ತಾ? ಒಂಡುಮಾ?"

ಚೊಂಬಿನೊಳಗೆ ನೋಡಿದೆ. ತಳದಲ್ಲಿ ಒಂದು ಗುಟುಕು ಉಳಿದಿತ್ತು.

"ಇನ್ನೂ ಕುಡೀತಾ ಇದೀನಿ ಕಣಣ್ಣ," ಅಂದೆ.

ಅಣ್ಣ ಮಧ್ಯಾಹ್ನ ಊಟ ಮಾಡಿಕೊಂಡು ಒಬ್ಬನೇ ಹಾರನಹಳ್ಳಿಗೆ ಹೋದ. ಟ್ರಂಕು ಇಳಿಸುವಾಗ ಗೊಣಗಿದ. ಹೋಗುವಾಗ ಅವನನ್ನು ನಾವಿಬ್ಬರೂ ಏನೂ ಕೇಳಲಿಲ್ಲ.

ಚೊಂಬು ಇಲ್ಲೇ ಪಕ್ಕದಲ್ಲಿದೆ. ಆ ಒಂದು ಗುಟುಕು ಹಾಗೇ ಇದೆ.